ಬಿಂಡಿಗನವಿಲೆಯ ನಾಲ್ಕನೇ ಪೋರ್ಟು

ಅಲ್ಮಾಸ್ ನಮ್ಮ ಕಚೇರಿಗೆ ಬಂದು ಸೇರಿದಾಗ ಅವಳ ಕೆಲಸ ಏನೆಂದು ನಮಗೆ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ‘ಇವರು ನಮ್ಮ ಸ್ವಿಚ್ಚುಗಳನ್ನು ನೋಡಿಕೊಳ್ತಾರೆ’ ಎಂದು ಕಾರ್ಯದರ್ಶಿ ಸುಶಮೀಂದ್ರ ಅವರು ಪರಿಚಯ ಮಾಡಿಸಿದರು. ನಾನು ಫ್ಯಾನು ಲೈಟಿನ ಸ್ವಿಚ್ಚು ಎಂದುಕೊಂಡು, ನನ್ನ ಮೇಜಿನ ಮೇಲೆ ಮಿಣಮಿಣ ಅನ್ನುತ್ತಿದ್ದ ಟ್ಯೂಬ್‌ಲೈಟನ್ನು ಅವಳಿಗೆ ತೋರಿಸಿದೆ. ಅವಳು ನಗಲಿಲ್ಲ. ಕುರ್ಚಿ ಹತ್ತಿ ಸ್ಟಾರ್ಟರನ್ನು ತಿರುಗಿಸಿ ಸರಿಮಾಡಿ, ಕೈ ಒರೆಸಿಕೊಂಡು ತನ್ನ ಕಂಪ್ಯೂಟರಿನ ಮುಂದೆ ಹೋಗಿ ಕೂತಳು. ಅವತ್ತಿನಿಂದ ನಾನು ಅವಳಿಗೆ ಪದ್ಮಕ್ಕ.

ನಮ್ಮದು ಕುರಿ ಸಾಕುವವರ ಸಂಘ. ಕಚೇರಿ ಶ್ರೀರಂಗಪಟ್ಟಣದಲ್ಲಿ. ನಾನು ಅಲ್ಲಿ ಗುಮಾಸ್ತೆ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಮತ್ತು ನಾಗಮಂಗಲದಿಂದ ಆಚೆಗಿರುವ ಬಿಂಡಿಗನವಿಲೆಯಲ್ಲಿ ಸಂಘ ಒಂದೊಂದು ದೊಡ್ಡ ಫ್ರಿಜ್ಜು ಇಟ್ಟಿತ್ತು. ಕುರಿಗಳಿಗೆ ಹಾಕುವ ಲಸಿಕೆ ಅದರಲ್ಲಿ ಇರುತ್ತಿತ್ತು. ಲಸಿಕೆಗೆ ಎಂಟು ಡಿಗ್ರಿಗಿಂತ ಹೆಚ್ಚು ಶಾಖ ತಾಗಬಾರದು. ಪ್ರತಿ ಫ್ರಿಜ್ಜಿನ ಪಕ್ಕದಲ್ಲಿ ಸಾಲಾಗಿ ಕಿಂಡಿಗಳಿರುವ, ಹಸಿರು ದೀಪ ಮಿನುಗುವ ಒಂದು ಪೆಟ್ಟಿಗೆ. ಅದೇ ಅಲ್ಮಾಸಳ ಸ್ವಿಚ್ಚು. ಆ ಕಿಂಡಿಗಳಿಗೆ ಪೋರ್ಟು ಅನ್ನುತ್ತಾರೆ. ಒಂದು ಪೋರ್ಟಿಗೆ ಶಾಖ ಅಳೆಯುವ ಯಂತ್ರದ ತಂತಿ, ಇನ್ನೊಂದಕ್ಕೆ ಫ್ರಿಜ್ಜನ್ನು ನಡೆಸುವ ಕಂಟ್ರೋಲರಿನ ತಂತಿ. ಕಂಟ್ರೋಲರಿಗೆ ಕರೆಂಟು ಹೋಗುತ್ತಿದ್ದುದೂ ಆ ತಂತಿಯಲ್ಲೇ.

ಪಕ್ಕದ ಗಂಜಾಂನ ಮನೆಯಿಂದ ಬೆಳಿಗ್ಗೆ ಬಂದು ಕೂತರೆ ಅಲ್ಮಾಸ್ ಈ ನಾಲ್ಕೂ ಊರಿನ ಸ್ವಿಚ್ಚುಗಳನ್ನು ಮಾತಾಡಿಸುತ್ತಿದ್ದಳು. ಅದಕ್ಕೆ ಎಸ್‌ಎನ್‌ಎಂಪಿ ಎಂದು ಹೆಸರಂತೆ. ‘ಅದೇನಿಲ್ಲ ಪದ್ಮಕ್ಕ, ನಾನು ಇಲ್ಲಿಂದ ಕೇಳ್ತೀನಿ, ಅದು ಅಲ್ಲಿಂದ ಹೇಳ್ತದೆ. ಯಾವ ಪೋರ್ಟು ಬದುಕಿದೆ, ಯಾವುದು ಸತ್ತಿದೆ, ಒಳಗೆ ಎಷ್ಟು ಡಿಗ್ರಿ ಇದೆ ಅಂತ. ಕೇಳೋದಕ್ಕೆ ಒಂದು ಪಾಸ್‌ವರ್ಡು, ಬದಲಾಯಿಸೋದಕ್ಕೆ ಇನ್ನೊಂದು’ ಎಂದು ಬಿಡಿಸಿ ಹೇಳಿದ್ದಳು.

ಬಿಂಡಿಗನವಿಲೆಯ ಕಂಟ್ರೋಲರು ಮೊದಲಿನಿಂದಲೂ ತಂಟೆಯದು. ಕರೆಂಟು ಹೋಗಿ ಬಂದು ಮಾಡಿದರೆ ಸ್ತಬ್ಧವಾಗಿಬಿಡುತ್ತಿತ್ತು. ಆಗ ಅಲ್ಮಾಸ್ ಕೂತಲ್ಲಿಂದಲೇ ಕಂಟ್ರೋಲರಿನ ತಂತಿ ಇದ್ದ ಅಲ್ಲಿನ ನಾಲ್ಕನೇ ಪೋರ್ಟನ್ನು ಮುಚ್ಚುತ್ತಿದ್ದಳು, ಒಂದು ಗಳಿಗೆ ಬಿಟ್ಟು ತೆರೆಯುತ್ತಿದ್ದಳು. ಕಂಟ್ರೋಲರು ಎಚ್ಚರಾಗಿ ಫ್ರಿಜ್ಜು ಮತ್ತೆ ಓಡುತ್ತಿತ್ತು. ಬಿಂಡಿಗನವಿಲೆಯಲ್ಲಿ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ‘ಎದ್ದ’ ಎಂದು ಅವಳು ತನ್ನಷ್ಟಕ್ಕೆ ಹೇಳಿಕೊಳ್ಳುವುದು ಮಾತ್ರ ನನಗೆ ಕೇಳಿಸುತ್ತಿತ್ತು.

ಹೋದ ವರ್ಷ ಸಂಘದವರು ಈ ವ್ಯವಸ್ಥೆಯ ಉಸ್ತುವಾರಿಯನ್ನು ಒಂದು ಕಂಪನಿಗೆ ಕೊಟ್ಟರು. ಕಂಪನಿಯವರು ಎಲ್ಲವನ್ನೂ ತಪಾಸಣೆ ಮಾಡಿ, ಬದಲಾಯಿಸುವ ಪಾಸ್‌ವರ್ಡನ್ನು ಅಲ್ಮಾಸಳಿಂದ ತೆಗೆದುಬಿಟ್ಟರು. ಅವಳಿಗೆ ಉಳಿದದ್ದು ನೋಡುವುದು ಮಾತ್ರ. ಏನಾದರೂ ಬದಲಾಯಿಸಬೇಕಾದರೆ ಕಂಪನಿಗೆ ಬರೆದು ಕೇಳಬೇಕು, ಅವರು ಮಾಡಿಕೊಡುತ್ತಾರೆ. ವಾರದ ದಿನಗಳಲ್ಲಿ ಮಾಡಿಕೊಡುತ್ತಲೂ ಇದ್ದರು. ಅಲ್ಮಾಸ್ ಸುಶಮೀಂದ್ರರ ಹತ್ತಿರ ಒಂದೇ ಒಂದು ಸಲ ಹೇಳಿದಳು.

‘ಸಾರ್, ಬಿಂಡಿಗನವಿಲೆಯದು ಒಂದನ್ನಾದ್ರೂ ನನ್ನ ಕೈಲಿ ಬಿಡೋಕೆ ಹೇಳಿ. ಅದು ಯಾವಾಗ ನಿಲ್ಲುತ್ತೋ ಗೊತ್ತಾಗಲ್ಲ.’

‘ನಿಯಮ ಎಲ್ಲ ಕಡೆಗೂ ಒಂದೇ ಅಂತಾರಮ್ಮ. ನೋಡೋಣ, ಕೇಳ್ತೀನಿ’ ಎಂದರು ಅವರು. ಕೇಳಿದರು ಕೂಡ. ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂತು.

ಮುಂಗಾರಿಗೆ ಮುಂಚೆ, ಮಂದೆಗೆ ಮಂದೆಯನ್ನೇ ಮುಗಿಸುವ ಹಿರೇಬೇನೆಗೆ ಕುರಿಗಳಿಗೆ ಲಸಿಕೆ ಹಾಕುವ ಕಾಲ. ಬಿಂಡಿಗನವಿಲೆಯ ಫ್ರಿಜ್ಜು ತುಂಬಿತ್ತು. ಸೋಮವಾರ ಅಲ್ಲಿ ಶಿಬಿರ, ಸುತ್ತಲಿನ ಹಳ್ಳಿಯವರಿಗೆಲ್ಲ ಹೇಳಿ ಆಗಿತ್ತು. ಭಾನುವಾರ ಬೆಳಿಗ್ಗೆ ನಾನು ತಿಂಡಿಗೆ ಕೂತಿದ್ದಾಗ ಅಲ್ಮಾಸಳ ಫೋನು ಬಂತು.

‘ಪದ್ಮಕ್ಕ, ಬಿಂಡಿಗನವಿಲೆ ಹನ್ನೊಂದು ಡಿಗ್ರಿ ತೋರಿಸ್ತಿದೆ. ಕಂಟ್ರೋಲರು ನಿಂತಿದೆ. ಪುಟ್ಟಸ್ವಾಮಿಯವರು ಫೋನ್ ಎತ್ತುತ್ತಿಲ್ಲ. ಅವರು ಎಲ್ಲಿಗೆ ಹೋಗಿದ್ದಾರೆ?’

ಪುಟ್ಟಸ್ವಾಮಿ ಎಂದರೆ ಬಿಂಡಿಗನವಿಲೆಯಲ್ಲಿ ನಮ್ಮ ಫ್ರಿಜ್ಜು ನೋಡಿಕೊಳ್ಳುವವರು, ಬೀಗದ ಕೈ ಇರುವುದು ಅವರ ಹತ್ತಿರ. ಅಕ್ಕನ ಮಗಳ ಮದುವೆಗೆಂದು ಕೆ.ಆರ್. ಪೇಟೆ ಕಡೆಯ ಗೋವಿಂದನಹಳ್ಳಿಗೆ ಹೋಗುವುದಾಗಿ ಅವರು ರಜೆ ಕೇಳಿದ್ದರು. ಅದನ್ನು ಹೇಳಿದೆ. ಇನ್ನೊಂದು ಬೀಗದ ಕೈ ಕಟ್ಟಡದ ಯಜಮಾನರದು. ಅವರು ಮನೆಮಂದಿಯೆಲ್ಲ ತಿರುಪತಿಗೆ ಹೋಗಿದ್ದರು.

ಕಂಪನಿಗೆ ಫೋನು ಮಾಡಿದರೆ, ಭಾನುವಾರವಾದ್ದರಿಂದ ಒಂದು ದನಿ ‘ನಿಮ್ಮ ಕೋರಿಕೆ ದಾಖಲಾಗಿದೆ’ ಎಂದು ಹೇಳಿ ಸಂಗೀತ ಹಾಕುತ್ತಿತ್ತು. ಸುಶಮೀಂದ್ರರು ತಮಗೆ ಗೊತ್ತಿದ್ದವರಿಗೆಲ್ಲ ಫೋನು ಮಾಡಿದರು. ಕಟ್ಟಡದ ಷಟರ್ ಮುರಿಸಿಬಿಡಿ ಎಂದು ಅಲ್ಮಾಸ್ ಕೇಳಿದಾಗ ಅವರ ದನಿ ಬಿದ್ದುಹೋಯಿತು.

‘ಕಟ್ಟಡ ನಮ್ಮದಲ್ಲ ಅಲ್ಮಾಸ್. ಒಳಗೆ ಅವರ ಗೊಬ್ಬರದ ದಾಸ್ತಾನೂ ಇದೆ. ನಾನು ಹೇಗೆ ಮುರೀರಿ ಅನ್ನಲಿ? ಯಜಮಾನರ ಫೋನು ಸಿಗ್ತಾನೇ ಇಲ್ಲ.’

ಅಲ್ಮಾಸಳ ತಂದೆ ಶಹಾಬುದ್ದೀನ್ ಸಾಹೇಬರು ಶಾಲೆ ಮಕ್ಕಳನ್ನು ಕರೆದೊಯ್ಯುವ ವ್ಯಾನು ಓಡಿಸುತ್ತಾರೆ. ಮಗಳು ಅಂಗಳದಲ್ಲಿ ಫೋನು ಹಿಡಿದು ಅತ್ತಿಂದಿತ್ತ ಓಡಾಡುವುದನ್ನು ನೋಡುತ್ತಿದ್ದವರು ಚಹಾದ ಲೋಟ ಕೆಳಗಿಟ್ಟು, ‘ನಡಿ ಬೇಟಾ, ಹೋಗೇ ಬುಡಣ’ ಎಂದರಂತೆ. ದಾರಿಯಲ್ಲಿ ನನ್ನನ್ನೂ ಹತ್ತಿಸಿಕೊಂಡರು. ಮೊದಲು ಗೋವಿಂದನಹಳ್ಳಿಗೆ ಹೋಗಿ ಬೀಗದ ಕೈ ತರಬೇಕಿತ್ತು, ಪುಟ್ಟಸ್ವಾಮಿಯವರ ಮನೆಯವರ ಗುರುತು ನನಗಿತ್ತು.

ಪಾಂಡವಪುರ ದಾಟುವಾಗ ಹದಿನಾಲ್ಕು. ಅಲ್ಮಾಸ್ ಮೊಬೈಲಿನಲ್ಲೇ ಎಲ್ಲ ಕಾಣುವಂತೆ ಮಾಡಿಕೊಂಡಿದ್ದಳು. ಸಿಗ್ನಲ್ಲು ಹೋದಾಗ ಪರದೆ ಬಿಳುಚಿಕೊಳ್ಳುತ್ತಿತ್ತು, ಬಂದಾಗ ಅಂಕಿ ಇನ್ನಷ್ಟು ಏರಿರುತ್ತಿತ್ತು. ಅದರ ಕೆಳಗೆ ನಾಲ್ಕನೇ ಪೋರ್ಟಿನ ಸಾಲು. ಬೆರಳಿಟ್ಟರೆ ತೆರೆಯುತ್ತಿತ್ತು, ಬದಲಾಯಿಸಲು ಹೋದರೆ ನಿಮಗೆ ಅನುಮತಿ ಇಲ್ಲ ಎನ್ನುತ್ತಿತ್ತು. ಗೊತ್ತಿದ್ದೂ ಅವಳು ಮತ್ತೆ ಮತ್ತೆ ಒತ್ತುತ್ತಿದ್ದಳು. ನಾನು ಒಂದು ಸಲ, ‘ಸಾಕು ಬಿಡೇ, ಕಣ್ಣು ಮುಚ್ಚಿಕೊಂಡು ಒರಗಿಕೋ’ ಎಂದೆ.

‘ಒರಗಿದ್ರೆ ಅದು ಇಳಿಯುತ್ತಾ ಪದ್ಮಕ್ಕ?’ ಎಂದಳು. ಕೋಪವಿರಲಿಲ್ಲ, ನಿಜವಾಗಿ ಕೇಳಿದ ಹಾಗಿತ್ತು.

ಅಷ್ಟರಲ್ಲಿ ಅಲ್ಮಾಸಳಿಗೆ ಬಿಂಡಿಗನವಿಲೆಯಿಂದ ಕೆಂಪಣ್ಣನ ಫೋನು ಬಂತು. ಕೆಂಪಣ್ಣ ನಮ್ಮ ಸಂಘದ ಹಳೆಯ ಸದಸ್ಯ, ದೊಡ್ಡ ಮಂದೆ ಇಟ್ಟಿದ್ದವನು. ಫ್ರಿಜ್ಜಿದ್ದ ಕಟ್ಟಡದ ಎದುರಿಗೇ ಅವನ ಮನೆ. ಸುಶಮೀಂದ್ರರು ಅವನಿಗೆ ಸುದ್ದಿ ಮುಟ್ಟಿಸಿದ್ದರು.

‘ಅವ್ವಾ, ಷಟರ್‌ಗೆ ಕಿವಿ ಮಡಗಿ ಕೇಳ್ದೆ. ಒಳಗೆ ಸದ್ದೇ ಇಲ್ಲ ಕಣವ್ವ. ಬಿಸ್ಲು ನೇರ ಹೊಡಿತಾ ಅದೆ ಬಾಗ್ಲಿಗೆ. ಏನ್ಮಾಡಾನ?’

‘ತಾತ, ನೆರಳು ಮಾಡೋಕಾಗುತ್ತಾ?’

‘ಗೋಣಿಚೀಲ ನೆನ್ಸಿ ತೂಗಾಕ್ತೀವಿ ತಡಿ. ನಮ್ಮವಳು ನೀರು ಉಯ್ತಾವ್ಳೆ.’

ಅವನ ಹೆಂಡತಿ ದೊಡ್ಡತಾಯಮ್ಮ ಕೊಡದಲ್ಲಿ ನೀರು ತಂದು ಷಟರಿಗೆ ಎರಚುವ ಸದ್ದು ಫೋನಿನಲ್ಲಿ ಕೇಳಿಸುತ್ತಿತ್ತು. ಅದರಿಂದ ಒಳಗಿನ ಅಂಕಿ ಇಳಿಯಲಿಲ್ಲ. ಅಲ್ಮಾಸ್ ಅದನ್ನು ಅವನಿಗೆ ಹೇಳಲಿಲ್ಲ.

ಗೋವಿಂದನಹಳ್ಳಿ ಮುಟ್ಟುವಾಗ ಮಧ್ಯಾಹ್ನವಾಗುತ್ತಾ ಬಂದಿತ್ತು. ದೇವಸ್ಥಾನ ದಾಟಿ ಸ್ವಲ್ಪ ಮುಂದೆ ಶಾಮಿಯಾನ, ವಾಲಗ, ಧ್ವನಿವರ್ಧಕ. ಪುಟ್ಟಸ್ವಾಮಿಯವರು ಊಟದ ಪಂಕ್ತಿಯಲ್ಲಿ ಪಲ್ಯ ಬಡಿಸುತ್ತಿದ್ದರು. ಫೋನು ಯಾರದೋ ಮನೆಯಲ್ಲಿ ಚಾರ್ಜಿಗಿತ್ತು. ನನ್ನನ್ನು ನೋಡಿ ಮದುವೆಗೆ ಬಂದಿದ್ದೇವೆಂದುಕೊಂಡು ಮುಖ ಅರಳಿಸಿದರು. ವಿಷಯ ಕೇಳಿದ ಮೇಲೆ ಪಲ್ಯದ ಬಕೆಟ್ಟು ಯಾರ ಕೈಗೋ ಕೊಟ್ಟು, ಪಂಚೆಗೆ ಕೈ ಒರೆಸಿಕೊಂಡು ಒಳಗೆ ಓಡಿ ಬೀಗದ ಕೈ ತಂದರು.

‘ನಾನೂ ಬಂದ್ಬುಡ್ತಿದ್ದೆ ಕಣಮ್ಮ, ಉಣ್ಣಿಸೋರಿಲ್ಲ. ನೆನ್ನೆ ಸಂಜೆ ಬರೋವಾಗ ಚೆನ್ನಾಗೇ ಓಡ್ತಿತ್ತು, ನನ್ ಕಣ್ಣಾರೆ ನೋಡಿ ಬಂದಿವ್ನಿ’ ಎಂದರು. ಕಣ್ಣಲ್ಲಿ ನೀರು ಬಂದಿತ್ತು. ಅವರು ಹೇಳಿದ್ದು ನಿಜ. ನಿನ್ನೆ ಸಂಜೆ ಎಲ್ಲ ಸರಿಯಾಗಿಯೇ ಇತ್ತು. ಊಟ ಮಾಡಿಕೊಂಡು ಹೋಗಿ ಎಂದು ಯಾರೋ ಎಲೆ ಹಾಕಲು ಬಂದರು. ಶಹಾಬುದ್ದೀನ್ ಸಾಹೇಬರು ಕೈಮುಗಿದು ವ್ಯಾನು ತಿರುಗಿಸಿದರು.

ಅಲ್ಲಿಂದ ಒಳದಾರಿ. ತಿಪ್ಪೆ, ರಾಗಿ ಹೊಲ, ಅಲ್ಲಲ್ಲಿ ಅರ್ಧ ಕಿತ್ತುಹೋದ ಟಾರು. ನಾಗಮಂಗಲದ ಗಡಿಯೊಳಗೆ ಬಂದಮೇಲೆ ರಸ್ತೆಯ ಮೇಲೆ ಒಂದು ಮಂದೆ ಎದುರಾಯಿತು. ವ್ಯಾನು ನಿಂತಿತು. ಕುರಿಗಳು ಎರಡೂ ಕಡೆಯಿಂದ ಒತ್ತಿಕೊಂಡು ಹೋಗುತ್ತಲೇ ಇದ್ದವು. ಅಲ್ಮಾಸ್ ಕಿಟಕಿಯಿಂದ ಅವುಗಳನ್ನು ನೋಡಿದಳು, ಮಡಿಲಲ್ಲಿದ್ದ ಫೋನು ನೋಡಿದಳು. ಇಪ್ಪತ್ತನ್ನು ದಾಟಿತ್ತು. ಸಾಹೇಬರು ಹಾರನ್ ಒತ್ತಲು ಕೈಯಿಟ್ಟರು.

‘ಬೇಡ ಅಬ್ಬಾ. ಬೆದರ್ತವೆ’ ಎಂದಳು. ಆಮೇಲೆ ಬಿಂಡಿಗನವಿಲೆ ಬರುವವರೆಗೆ ಅವಳು ಫೋನು ನೋಡಲಿಲ್ಲ.

ಷಟರಿನ ಮುಂದೆ ಜನ ಸೇರಿದ್ದರು. ಗೋಣಿಚೀಲಗಳಿಂದ ನೀರು ತೊಟ್ಟಿಕ್ಕಿ ನೆಲ ಕೆಸರಾಗಿತ್ತು. ಕೆಂಪಣ್ಣ ಮೆಟ್ಟಿಲ ಮೇಲೆ ಕೂತಿದ್ದ. ಅಲ್ಮಾಸ್ ಬೀಗ ತೆಗೆದು ಒಳಗೆ ಹೋಗಿ, ಸ್ವಿಚ್ಚಿನ ನಾಲ್ಕನೇ ಪೋರ್ಟಿನ ತಂತಿಯನ್ನು ಕಿತ್ತು ಮತ್ತೆ ಚುಚ್ಚಿದಳು. ಅಷ್ಟೇ. ಕಂಟ್ರೋಲರಿನ ದೀಪ ಹತ್ತಿತು. ಫ್ರಿಜ್ಜು ಒಂದು ಸಲ ನಡುಗಿ ಗುಂಯ್ ಎಂದು ಓಡತೊಡಗಿತು.

‘ಬಂತು ಕಣ್ರಲಾ! ಓಡ್ತಾ ಅದೆ!’ ಎಂದು ಕೆಂಪಣ್ಣ ಹೊರಗಿದ್ದವರಿಗೆ ಕೂಗಿದ. ದೊಡ್ಡತಾಯಮ್ಮ ಕೊಡ ಇಳಿಸಿ ಫ್ರಿಜ್ಜಿನ ಗಾಜಿನ ಬಾಗಿಲಿನ ಮೇಲೆ ಅಂಗೈ ಇಟ್ಟು ನೋಡಿದಳು. ಎಲ್ಲರ ಮುಖದಲ್ಲೂ ಗೆಲುವು. ಶಹಾಬುದ್ದೀನ್ ಸಾಹೇಬರಂತೂ ‘ಶುಕರ್’ ಎಂದು ತಲೆಯ ಟೋಪಿ ತೆಗೆದು ಬೆವರು ಒರೆಸಿಕೊಂಡರು. ಅಲ್ಮಾಸ್ ಮಾತ್ರ ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತಿದ್ದಳು. ಸುಶಮೀಂದ್ರರ ಜೊತೆ, ಸಂಘದ ಪಶುವೈದ್ಯ ನಾಗರಾಜು ಅವರ ಜೊತೆ ಫೋನಿನಲ್ಲಿ ಮಾತಾಡಿದಳು. ವೈದ್ಯರು ಎಷ್ಟು ಹೊತ್ತು ಎಷ್ಟು ಶಾಖದಲ್ಲಿತ್ತು ಎಂದು ಕೇಳಿದರು. ಅವಳು ಮುಚ್ಚಿಡದೆ ಎಲ್ಲ ಹೇಳಿದಳು.

‘ಹಾಗಾದರೆ ಬೇಡಮ್ಮ. ಸತ್ತ ಲಸಿಕೆ ಹಾಕಿದರೆ ಕುರಿಗೆ ರಕ್ಷಣೆ ಇದೆ ಅಂತ ಜನ ನಂಬಿಬಿಡ್ತಾರೆ. ಅದಕ್ಕಿಂತ ಹಾಕದೇ ಇರೋದು ವಾಸಿ’ ಎಂದರು ಅವರು.

ಈಗ ಅದನ್ನು ಹೊರಗಿದ್ದವರಿಗೆ ಹೇಳಬೇಕಿತ್ತು. ನಾನು ಹೇಳಲೇ ಎಂದು ಕೇಳಿದೆ. ಅವಳು ತಲೆಯಾಡಿಸಿ ತಾನೇ ಕೆಂಪಣ್ಣನ ಹತ್ತಿರ ಹೋದಳು.

‘ತಾತ, ಮದ್ದು ಕೆಟ್ಟೋಗಿದೆ. ನಾಳೆ ಹಾಕೋಕಾಗಲ್ಲ.’

‘ಈಗ ತಣ್ಣಗಾಯ್ತಾ ಐತಲ್ಲವ್ವ?’

‘ತಣ್ಣಗಾದ್ರೂ ಅದು ಮತ್ತೆ ಬದುಕಲ್ಲ.’

ಕೆಂಪಣ್ಣ ಎದ್ದು ಒಳಗೆ ಹೋದ. ಒಂದು ಸೀಸೆ ತೆಗೆದು ಬಾಗಿಲ ಬೆಳಕಿಗೆ ಹಿಡಿದು ಅಲುಗಿಸಿ ನೋಡಿದ. ‘ಅಂಗೇ ಐತೆ. ಒಸಿಯೂ ಬದ್ಲಾಗಿಲ್ಲ’ ಎಂದ. ಅವನು ಸೀಸೆಯನ್ನು ಜೋಪಾನವಾಗಿ ಇದ್ದ ಜಾಗದಲ್ಲೇ ಇಟ್ಟು ಬಾಗಿಲು ಹಾಕಿದ. ಹೊರಗೆ ಬಂದು, ಪಕ್ಕದ ಹಳ್ಳಿಯಲ್ಲಿ ಆಗಲೇ ಎರಡು ಮಂದೆಗೆ ಬೇನೆ ತಗುಲಿದೆ, ಮೂಗು ಸೋರಿ ಮೇವು ಬಿಟ್ಟಿವೆ ಎಂದು ಹೇಳಿದ. ಯಾರನ್ನೂ ಬೈಯುವ ದನಿಯಲ್ಲಿ ಹೇಳಲಿಲ್ಲ. ಅವಳಿಗೆ ತಿಳಿದಿರಲಿ ಎಂಬಂತೆ ಹೇಳಿದ.

‘ನಾನು ಬೆಳಿಗ್ಗೆಯಿಂದ ನೋಡ್ತಾನೇ ಇದ್ದೆ ತಾತ’ ಎಂದಳು ಅಲ್ಮಾಸ್.

‘ನೀ ಅಲ್ಲಿಂದ ನೋಡ್ದೆ, ನಾ ಇಲ್ಲಿ ಬಾಗ್ಲಲ್ಲೇ ಕುಂತಿದ್ದೆ. ಇಬ್ರ ಕೈಲೂ ಆಗ್ನಿಲ್ಲ ಬುಡು’ ಎಂದ ಕೆಂಪಣ್ಣ. ಆಮೇಲೆ ನಮ್ಮನ್ನು ಊಟ ಮಾಡದೆ ಹೋಗಲು ಬಿಡಲಿಲ್ಲ. ದೊಡ್ಡತಾಯಮ್ಮ ಮುದ್ದೆ ಬಸ್ಸಾರು ಬಡಿಸಿದಳು. ಅಲ್ಮಾಸ್ ತಟ್ಟೆಯ ಮುಂದೆ ತಲೆ ಬಗ್ಗಿಸಿಕೊಂಡು ಕೂತಿದ್ದಳೇ ಹೊರತು ಹೆಚ್ಚು ತಿನ್ನಲಿಲ್ಲ.

ಹಿಂದಿರುಗುವಾಗ ಕಂಪನಿಯಿಂದ ಸಂದೇಶ ಬಂತು. ನಿಮ್ಮ ಕೋರಿಕೆಯಂತೆ ಬಿಂಡಿಗನವಿಲೆಯ ನಾಲ್ಕನೇ ಪೋರ್ಟನ್ನು ಮುಚ್ಚಿ ತೆರೆಯಲಾಗಿದೆ, ಸೇವೆ ತೃಪ್ತಿ ತಂದಿತೇ ಎಂದು ಕೇಳಿದ್ದರು. ಅವಳು ನನಗೆ ಓದಿ ಹೇಳಿ ಫೋನನ್ನು ಚೀಲದೊಳಗೆ ಹಾಕಿದಳು.

ಸೋಮವಾರ ಶಿಬಿರಕ್ಕೆಂದು ದೂರದಿಂದ ಕುರಿ ಹೊಡೆದುಕೊಂಡು ಬಂದವರನ್ನು ಪುಟ್ಟಸ್ವಾಮಿಯವರು ಒಬ್ಬೊಬ್ಬರನ್ನಾಗಿ ವಾಪಸು ಕಳಿಸಿದರು. ಹೊಸ ಲಸಿಕೆಗೆ ಬರೆದರೆ, ಎಲ್ಲ ಕಡೆಯೂ ಬೇಡಿಕೆ ಇದೆ, ಕಾಯಬೇಕು ಎಂಬ ಉತ್ತರ. ಪಾಂಡವಪುರ, ಕೆ.ಆರ್. ಪೇಟೆಯ ಫ್ರಿಜ್ಜುಗಳಲ್ಲಿ ಇದ್ದುದು ಆಗಲೇ ಹಾಕಿ ಮುಗಿದಿತ್ತು. ನಾಗಮಂಗಲದಲ್ಲಿ ಮಿಕ್ಕಿದ್ದ ಕೆಲವು ಸೀಸೆಗಳನ್ನು ಕಳಿಸಿದರು. ಅವು ಬೇನೆ ಬಂದ ಹಳ್ಳಿಯ ಅಂಚಿನ ಮಂದೆಗಳಿಗೇ ಸಾಲಲಿಲ್ಲ. ಮಳೆ ಹಿಡಿದ ಮೇಲೆ ಬೇನೆ ಬಿಂಡಿಗನವಿಲೆಗೂ ಬಂತು. ಕೆಂಪಣ್ಣನ ಮಂದೆಯಲ್ಲಿ ಮೊದಲು ಮರಿಗಳು ಹೋದವು, ಆಮೇಲೆ ತಾಯಿಕುರಿಗಳು. ದೊಡ್ಡತಾಯಮ್ಮ ಗಂಜಿ ಕಾಯಿಸಿ ಬಿದಿರಿನ ಗೊಟ್ಟದಲ್ಲಿ ಕುಡಿಸಿದಳು, ಬಾಯಿಯ ಹುಣ್ಣು ತೊಳೆದಳು. ಮಂದೆಯಲ್ಲಿ ಉಳಿದವು ಕೆಲವು ಮಾತ್ರ. ಅಷ್ಟೂ ದಿನ ಅಲ್ಮಾಸ್ ಕಚೇರಿಗೆ ಬಂದು ಕೂತಾಗ ಬಿಂಡಿಗನವಿಲೆಯ ಫ್ರಿಜ್ಜು ಪರದೆಯ ಮೇಲೆ ಐದು ಡಿಗ್ರಿ ತೋರಿಸುತ್ತಿತ್ತು. ಅದರೊಳಗೆ ಒಂದು ಸೀಸೆಯೂ ಇರಲಿಲ್ಲ.

ಸಂಘದ ಸಭೆ ಕರೆದರು. ಕೆಂಪಣ್ಣನೂ ಬಸ್ಸಿನಲ್ಲಿ ಬಂದಿದ್ದ. ಕಂಪನಿಯ ಪರವಾಗಿ ಪ್ರಜ್ಞ ಎಂಬ ಅಧಿಕಾರಿ ಕಂಪ್ಯೂಟರಿನ ಪರದೆಯಲ್ಲಿ ಮಾತಾಡಿದಳು. ಮೊದಲು ಸಂತಾಪ ಹೇಳಿದಳು. ಆಮೇಲೆ, ಹಳೆಯ ಪಾಸ್‌ವರ್ಡು ಕಾರ್ಖಾನೆಯಿಂದ ಬಂದದ್ದೇ ಇತ್ತು, ಲೋಕಕ್ಕೆಲ್ಲ ಗೊತ್ತಿರುವಂಥದ್ದು, ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ನಾಲ್ಕು ಫ್ರಿಜ್ಜನ್ನೂ ನಿಲ್ಲಿಸಿಬಿಡಬಹುದಿತ್ತು, ಹಾಗೆ ಬಿಡಲು ಆಗುತ್ತಿರಲಿಲ್ಲ ಎಂದಳು. ಸದಸ್ಯರು ಗದ್ದಲ ಮಾಡಿದರು. ಸುಶಮೀಂದ್ರರು ಅಲ್ಮಾಸಳ ಮುಖ ನೋಡಿದರು.

‘ಅವರು ಹೇಳೋದು ನಿಜ ಸಾರ್’ ಎಂದಳು ಅವಳು. ‘ಆದ್ರೆ ಕೈ ಕಟ್ಟಿದ ಮೇಲೆ ಭಾನುವಾರ ಯಾರು ನೋಡ್ತಾರೆ ಅಂತ ಯಾರೂ ಹೇಳಲಿಲ್ಲ.’

ಪ್ರಜ್ಞ, ‘ಹೌದು, ಅದನ್ನು ನಾವು ಯೋಚಿಸಿರಲಿಲ್ಲ’ ಎಂದಳು. ಸಭೆಯಲ್ಲಿದ್ದವರಿಗೆ ಬೈಯಲು ಯಾರೂ ಸಿಗಲಿಲ್ಲ. ಕೆಂಪಣ್ಣ ಊಟವಾದ ಮೇಲೆ ನಾಗಮಂಗಲದ ಬಸ್ಸು ಎಷ್ಟು ಹೊತ್ತಿಗೆ ಎಂದು ನನ್ನನ್ನು ಕೇಳಿ ಹೊರಟುಹೋದ.

ತಿಂಗಳುಗಳು ಕಳೆದ ಮೇಲೆ ಅಲ್ಮಾಸಳಿಗೆ ಅವಳದೇ ಹೆಸರಿನಲ್ಲಿ, ಅವಳಿಗೆ ಮಾತ್ರ ಗೊತ್ತಿರುವ, ಕದ್ದು ಓದಲಾಗದ ಹೊಸ ರೀತಿಯ ಪಾಸ್‌ವರ್ಡು ಕೊಟ್ಟರು. ಬದಲಾಯಿಸುವ ಹಕ್ಕು ಮತ್ತೆ ಬಂತು. ಅಷ್ಟು ಹೊತ್ತಿಗೆ ಸಂಘದವರು ಬಿಂಡಿಗನವಿಲೆಯ ಫ್ರಿಜ್ಜನ್ನು ಮುಚ್ಚಿ ನಾಗಮಂಗಲಕ್ಕೆ ಸಾಗಿಸಿಬಿಟ್ಟಿದ್ದರು. ಬಿಂಡಿಗನವಿಲೆಯದನ್ನೇ ತನ್ನ ಕೈಲಿ ಬಿಡಿ ಎಂದು ಅವಳು ಕೇಳಿದ್ದಳು. ಈಗ ಅವಳ ಪಟ್ಟಿಯಲ್ಲಿ ಆ ಊರೇ ಇಲ್ಲ.

ಮುಂದಿನ ಸಲದ ಶಿಬಿರ ನಾಗಮಂಗಲದಲ್ಲಿ ನಡೆಯಿತು. ಹೋಗಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ರಜೆ ಹಾಕಿ ಬಂದಿದ್ದಳು, ಜೊತೆಗೆ ನಾನಿದ್ದೆ. ಹೊತ್ತೇರಿದ ಮೇಲೆ ಕೆಂಪಣ್ಣ ಒಂದು ಲಗೇಜ್ ಆಟೋದಲ್ಲಿ ತನ್ನ ಉಳಿದ ಕುರಿಗಳನ್ನು ತಂದ. ಮುಂಚೆ ಮನೆಯ ಎದುರಿಗೇ ಆಗುತ್ತಿದ್ದ ಕೆಲಸ. ಅವನು ಇಳಿದು ಕಾಲು ಜಾಡಿಸಿಕೊಂಡು ಅಲ್ಮಾಸಳನ್ನು ನೋಡಿ, ‘ಚೆನ್ನಾಗಿದ್ದೀಯವ್ವ?’ ಎಂದ. ಕುರಿಗಳನ್ನು ಒಂದೊಂದಾಗಿ ಕಿವಿ ಹಿಡಿದು ವೈದ್ಯರ ಮುಂದೆ ನಿಲ್ಲಿಸಿದ. ಸೂಜಿ ಚುಚ್ಚುವ ಮುಂಚೆ ವೈದ್ಯರ ಕೈಯನ್ನು ತಡೆದು ಅವಳ ಕಡೆ ತಿರುಗಿದ.

‘ಈ ಸಲ ಕೆಟ್ಟಿಲ್ಲ ತಾನೇ?’

‘ಇಲ್ಲ ತಾತ. ಬಂದ ದಿನದಿಂದ ನೋಡ್ತಾ ಇದ್ದೀನಿ. ಏರಿಲ್ಲ.’

ಕೆಂಪಣ್ಣ ಸೀಸೆಯನ್ನು ನೋಡಿದ, ಅವಳನ್ನು ನೋಡಿದ. ನಂಬಿದನೋ ಇಲ್ಲವೋ ನನಗೆ ತಿಳಿಯಲಿಲ್ಲ. ‘ಹಾಕಿ ಸಾಮಿ’ ಎಂದು ಕುರಿಯನ್ನು ಮೊಣಕಾಲುಗಳ ನಡುವೆ ಗಟ್ಟಿಯಾಗಿ ಹಿಡಿದುಕೊಂಡ.